ಮುಟ್ಟಿದರೆ ಮುನಿಗೆ ಹಾಕಿದ ಕ್ಲಿಪ್ಪು

ಇಡೀ ಬೀದಿಗೆ ಅವಳು ಅಕ್ಕ. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವನಾದ ಬೀಗ ರಿಪೇರಿಯವನೂ ಅಕ್ಕ ಎಂದೇ ಕರೆಯುತ್ತಿದ್ದ. ಗಂಡ ತೀರಿಕೊಂಡ ಮೇಲೆ ಒಂದು ಬಕೆಟ್ಟು, ಒಂದು ಬ್ರಷ್ಷು ಹಿಡಿದು ಮನೆಮನೆಯ ಬಟ್ಟೆ ಒಗೆಯಲು ಹೊರಟವಳು ಈಗ ಲಾಂಡ್ರಿಯ ಒಡತಿ. ಲಾಂಡ್ರಿ ಎಂದರೆ ಎರಡೇ ಕೋಣೆ. ಮುಂದಿನದರಲ್ಲಿ ಇಸ್ತ್ರಿ ಮೇಜು, ಹಿಂದಿನದರಲ್ಲಿ ಯಾರದೋ ಕೈದಾಟಿ ಬಂದ ದೊಡ್ಡ ವಾಷಿಂಗ್ ಮೆಷಿನ್ನು. ಆ ಹಿಂದಿನ ಕೋಣೆಯ ನೆಲ ಒಣಗಿದ್ದನ್ನು ಕಂಡವರಿಲ್ಲ.

ಅಲ್ಲಿ ಅಕ್ಕನ ಕಟ್ಟುನಿಟ್ಟು ಒಂದೇ. ಗಂಟನ್ನು ಎಣಿಸಿ ಒಳಗೆ ತೆಗೆದುಕೊಳ್ಳಬೇಕು, ಎಣಿಸಿ ಹೊರಗೆ ಕಳಿಸಬೇಕು. ಒಂದು ದಿಂಬಿನ ಕವರು ಕಡಿಮೆಯಾದರೂ ಶಟರ್ ಎಳೆದುಬಿಡುತ್ತಿದ್ದಳು. ಅದು ಸಿಗುವ ತನಕ ಕೆಲಸ ಬಂದ್.

ಮೆಷಿನ್ನು ಬಂದ ದಿನವೇ ವೈರಿಂಗ್ ಕೆಲಸದ ಮೈದುನ ಗೋಡೆಗೆ ಒಂದು ಬಿಳಿ ಬ್ರೇಕರ್ ಕೂರಿಸಿದ್ದ. "ಕರೆಂಟು ದಾರಿ ತಪ್ಪಿ ನೆಲಕ್ಕೆ ಸೋರಿದ್ರೆ ಇದು ತಾನಾಗೇ ಆಫ್ ಆಗುತ್ತೆ, ಅತ್ತಿಗೆ" ಎಂದಿದ್ದ. ಅಕ್ಕ ಹೂಂ ಎಂದು ಮರೆತಿದ್ದಳು. ಈ ವಾರ ಅದರ ಕಡ್ಡಿ ಮತ್ತೆ ಮತ್ತೆ ಕೆಳಗೆ ಬಿದ್ದು ಕರೆಂಟು ಹೋಗತೊಡಗಿದಾಗ ಅದಕ್ಕೆ 'ಮುಟ್ಟಿದರೆ ಮುನಿ' ಎಂದು ಹೆಸರಿಟ್ಟಳು.

ಮುನಿಯಲು ಅದು ಆರಿಸಿಕೊಂಡ ದಿನವಾದರೂ ಎಂಥದ್ದು. ಹೊಸ ಲಾಡ್ಜೊಂದು ಹಾಸಿಗೆ ಬಟ್ಟೆಗಳನ್ನು ಪರೀಕ್ಷೆಗೆಂಬಂತೆ ಕೊಟ್ಟಿತ್ತು. ಸಂಜೆಯೊಳಗೆ ಒಗೆದು, ಇಸ್ತ್ರಿ ಮಾಡಿ ಕೊಟ್ಟರೆ ಇನ್ನು ಮುಂದೆ ಎಲ್ಲ ಕೆಲಸವೂ ಅವಳಿಗೇ. ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಅಕ್ಕನ ಹತ್ತಿರ ಬಂದಿದ್ದ ತಂಗಿಗೂ ಆಗ ನೆಲೆ ಸಿಕ್ಕಂತೆ. ಅಕ್ಕ ಸೆರಗು ಸಿಕ್ಕಿಸಿ ನಿಂತಿದ್ದಳು. ತಂಗಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದಳು. ನೀರು ಬಿಸಿಯಾಗುತ್ತಿತ್ತು, ಮೆಷಿನ್ನು ಗುಂಯ್‌ಗುಡುತ್ತಿತ್ತು. ತಂಗಿ ಸೋಪು ಹಾಕಲು ಕೈಯಿಟ್ಟಳು.

ಟಪ್.

"ಮತ್ತೆ ಮುನಿಸಿಕೊಂಡಿತಾ? ನಿನ್ನ ಕೈಗುಣ ಕಣೇ" ಎಂದಳು ಅಕ್ಕ. "ನಾನು ಬೆಳಗ್ಗೆಯಿಂದ ಮುಟ್ತಾ ಇದೀನಿ, ತೆಪ್ಪಗಿರುತ್ತೆ."

ತಂಗಿ ಮೊಣಕೈ ಉಜ್ಜಿಕೊಂಡಳು.

ಅಕ್ಕ ಬಟ್ಟೆ ಒಣಹಾಕುವ ಹಗ್ಗದಿಂದ ಎರಡು ಕ್ಲಿಪ್ಪು ಕಿತ್ತು ತಂದಳು. ಬ್ರೇಕರಿನ ಕಡ್ಡಿಯನ್ನು ಮೇಲೆತ್ತಿ, ಬೀಳದಂತೆ ಕ್ಲಿಪ್ಪುಗಳಿಂದ ಬಿಗಿದಳು. "ಈಗ ಬೀಳು ನೋಡ್ತೀನಿ."

ತಂಗಿ ಮುಟ್ಟಿದಳು. ಕಡ್ಡಿ ಮೇಲೆಯೇ ಇತ್ತು. ಕರೆಂಟು ಮಾತ್ರ ಹೋಯಿತು.

ಅಕ್ಕನ ಸಹನೆಯೂ ಹೋಯಿತು. ಮೈದುನನಿಗೆ ಫೋನ್ ಹಚ್ಚಿ, "ಬಂದು ಈ ಡಬ್ಬಿ ಕಿತ್ತು ನೇರ ಲೈನು ಕೊಡಪ್ಪ. ಸಂಜೆ ಗಾಡಿ ಬರುತ್ತೆ" ಎಂದಳು.

ಮೈದುನ ಬಂದವನೇ ಕ್ಲಿಪ್ಪುಗಳನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. "ಅತ್ತಿಗೆ, ಕಡ್ಡಿ ಹಿಡ್ಕೊಂಡ್ರೂ ಇದು ಒಳಗೊಳಗೇ ಬೀಳುತ್ತೆ. ನಿಮ್ಮಂಥೋರು ಇರ್ತಾರೆ ಅಂತಾನೇ ಹಾಗೆ ಮಾಡಿರೋದು."

"ನಗೋದು ಆಮೇಲೆ. ಮೊದಲು ಕೀಳು."

ಅವನು ಮೇನ್ ಆಫ್ ಮಾಡಿ ಸ್ಕ್ರೂ ತಿರುಗಿಸುತ್ತಲೇ ಕೇಳಿದ. "ಅಲ್ಲ, ಇದು ಯಾವಾಗ ಬೀಳೋದು?"

"ಇವಳು ಮುಟ್ಟಿದಾಗ. ನಾನು ಮುಟ್ಟಿದ್ರೆ ಇಲ್ಲ."

ಸ್ಕ್ರೂಡ್ರೈವರ್ ನಿಂತಿತು. ಮೈದುನ ಅಕ್ಕನ ಕಾಲು ನೋಡಿದ. ಹಿಮ್ಮಡಿ ಒಡೆದಿದ್ದರಿಂದ ಅವಳು ಒಳಗೂ ರಬ್ಬರ್ ಚಪ್ಪಲಿ ಬಿಡುತ್ತಿರಲಿಲ್ಲ. ತಂಗಿಯ ಕಾಲು ನೋಡಿದ. ನಗು ಅವನ ಮುಖದಿಂದ ಇಳಿಯಿತು.

"ಮುಟ್ಟಿದಾಗ ಚುರುಕ್ ಅನ್ಸುತ್ತಾ, ತಾಯಿ?"

ತಂಗಿ ನೆಲ ನೋಡಿದಳು. "ಮೊಣಕೈ ತನಕ. ಒಂದು ಚಣ ಅಷ್ಟೇ. ನನ್ನಿಂದಾನೇ ಕೆಲಸ ಕೆಡ್ತಿದೆ ಅಂತೀರೇನೋ ಅಂತ ಹೇಳ್ಲಿಲ್ಲ."

ಮೈದುನ ಅವಳನ್ನು ದೂರ ಕಳಿಸಿ, ಸ್ಕ್ರೂ ಮತ್ತೆ ಬಿಗಿದು, ಕ್ಲಿಪ್ಪು ಬಿಚ್ಚಿಟ್ಟು, ಮೇನ್ ಹಾಕಿ, ಕಡ್ಡಿ ಎತ್ತಿ, ಮೆಷಿನ್ನಿನ ಮೈಗೆ ಟೆಸ್ಟರ್ ಮುಟ್ಟಿಸಿದ. ಕೆಂಪು ದೀಪ ಹೊತ್ತಿತು. ಕರೆಂಟು ಇರಬಾರದ ತಗಡಿನಲ್ಲಿ ಕರೆಂಟು.

"ನಿಮ್ಮ ಗಂಟಿನ ಲೆಕ್ಕಾನೇ ಇದು ಅತ್ತಿಗೆ. ಒಂದು ವೈರಲ್ಲಿ ಹೋಗಿದ್ದು ಇನ್ನೊಂದರಲ್ಲಿ ಅಷ್ಟೇ ವಾಪಸ್ ಬರಬೇಕು. ಈ ಡಬ್ಬಿ ಎಣಿಸ್ತಾ ಕೂತಿರುತ್ತೆ. ಒಂಚೂರು ಕಮ್ಮಿ ಬಂದ್ರೂ ಶಟರ್ ಎಳೆಯುತ್ತೆ."

"ಕಮ್ಮಿಯಾಗಿದ್ದು ಎಲ್ಲಿಗೆ ಹೋಯ್ತು?"

"ಇವಳ ಕೈಯಿಂದ ಕಾಲಿಗೆ, ಕಾಲಿಂದ ನೆಲಕ್ಕೆ. ಡಬ್ಬಿ ಇರದಿದ್ರೆ ಹೋಗ್ತಾನೇ ಇರ್ತಿತ್ತು."

ಕೀಳು, ಕೀಳು ಎಂದು ತಾನು ಕೂಗಿದ್ದು ಅಕ್ಕನ ಕಿವಿಯಲ್ಲೇ ಇತ್ತು.

ಮೈದುನ ಮತ್ತೆ ಮೇನ್ ಆಫ್ ಮಾಡಿ ಮೆಷಿನ್ನಿನ ಹಿಂದೆ ಬಗ್ಗಿದ. ಹಸಿರು ವೈರೊಂದು ಸುರುಳಿ ಸುತ್ತಿ, ಕ್ಲಿಪ್ಪು ಹಾಕಿ, ಅಚ್ಚುಕಟ್ಟಾಗಿ ಪೈಪಿಗೆ ಸಿಕ್ಕಿಸಿತ್ತು.

"ಇದ್ಯಾರ ಕೈಗುಣ?"

"ನಂದೇ" ಎಂದಳು ಅಕ್ಕ ಸಣ್ಣ ದನಿಯಲ್ಲಿ. "ಮೊನ್ನೆ ಗುಡಿಸುವಾಗ ಕಿತ್ತು ಬಂತು. ಮೆಷಿನ್ನು ಓಡ್ತಿತ್ತಲ್ಲ, ಬೇಡದ ವೈರು ಅಂದ್ಕೊಂಡೆ."

ಅದೇ ಅರ್ಥಿಂಗ್ ವೈರು. ಸೋರಿದ ಕರೆಂಟು ಮನುಷ್ಯರ ಮೈ ಹುಡುಕದೆ ಸೀದಾ ನೆಲಕ್ಕಿಳಿಯಲಿ ಎಂದು ಇಟ್ಟ ದಾರಿ. ಮೈದುನ ಅದನ್ನು ಜಾಗಕ್ಕೆ ಬಿಗಿದು ಮೆಷಿನ್ನು ಹಾಕಿದ. ನೀರು ಬಿಸಿಮಾಡುವ ಹೀಟರ್ ಶುರುವಾದ ಕೂಡಲೇ ಟಪ್ ಎಂದು ಬ್ರೇಕರ್ ಬಿತ್ತು. ಈ ಸಲ ಯಾರೂ ಮೆಷಿನ್ನು ಮುಟ್ಟಿರಲಿಲ್ಲ.

"ಸಿಕ್ಕಿಬಿದ್ದ ಕಳ್ಳ" ಎಂದು ಮೈದುನ ಚಪ್ಪಾಳೆ ತಟ್ಟಿದ. "ಹೀಟರ್ ಒಳಗೆ ಕೊಳೆತಿದೆ. ಇಷ್ಟು ದಿನ ಇವಳು ಮುಟ್ಟಿದಾಗಷ್ಟೇ ಗೊತ್ತಾಗ್ತಿತ್ತು. ಈಗ ವೈರೇ ಚಾಡಿ ಹೇಳ್ತು."

ಹೀಟರಿನ ವೈರು ಬಿಚ್ಚಿದ್ದಾಯಿತು. ಆಮೇಲೆ ನೋಡಬೇಕಿತ್ತು ಸಂಭ್ರಮ. ಮನೆಯ ಒಲೆಯ ಮೇಲೆ ದೊಡ್ಡ ಪಾತ್ರೆ ಏರಿತು. ಮೈದುನನೇ ಬಿಸಿನೀರು ಹೊತ್ತ. ಅಕ್ಕ ತನ್ನ ಚಪ್ಪಲಿ ಕಳಚಿ ತಂಗಿಯ ಕಾಲ ಮುಂದೆ ತಳ್ಳಿ, "ಮೆಟ್ಟಿಕೋ. ದೊಡ್ಡದಾದ್ರೂ ಪರವಾಗಿಲ್ಲ, ಬೆರಳಲ್ಲಿ ಹಿಡ್ಕೋ" ಎಂದಳು. ತಾನು ಮುಂದಿನ ಕೋಣೆಯ ಒಣಗಿದ ಮರದ ಹಲಗೆಯ ಮೇಲೆ ನಿಂತು ಇಸ್ತ್ರಿ ಹಿಡಿದಳು.

ಲಾಡ್ಜಿನ ಗಾಡಿ ಬಂದಾಗ ಕೊನೆಯ ಹಾಸು ಇನ್ನೂ ಮಡಿಕೆಯಾಗುತ್ತಿತ್ತು. ಡ್ರೈವರ್ ಗೊಣಗಿದ. ಅಕ್ಕ ಎಣಿಸಿ ಒಪ್ಪಿಸಿದಳು. ಅವನೂ ಎಣಿಸಿದ. ಗೊಣಗು ನಿಂತಿತು. "ನಾಳೆ ಇನ್ನೊಂದು ಗಂಟು ತರ್ತೀನಿ" ಎಂದು ಗಾಡಿ ಹತ್ತಿದ.

ಅಕ್ಕ ಮೈದುನ ಬಿಚ್ಚಿಟ್ಟಿದ್ದ ಕ್ಲಿಪ್ಪುಗಳನ್ನು ಹಗ್ಗಕ್ಕೆ ಸಿಕ್ಕಿಸಿ, ಒಳಗೆ ಬಂದು ಬ್ರೇಕರಿನ ಮುಂದೆ ನಿಂತಳು. ಅದರ ಮೇಲಿದ್ದ ಸಣ್ಣ ಗುಂಡಿಯನ್ನು ಮೈದುನ ತೋರಿಸಿಕೊಟ್ಟಿದ್ದ. ಆಗಾಗ ಒತ್ತಿ ನೋಡಬೇಕು, ಬಿದ್ದರೆ ಎಚ್ಚರವಾಗಿದೆ ಎಂದರ್ಥ. ಒತ್ತಿದಳು. ಟಪ್ ಎಂದು ಎರಡೂ ಕೋಣೆ ಕತ್ತಲಾದವು.

"ಅಕ್ಕಾ, ಮತ್ತೆ ಮುನಿಸಿಕೊಂಡಿತು" ಎಂದು ತಂಗಿ ಗಾಬರಿಯಿಂದ ಕೂಗಿದಳು.

"ಮುನಿಸಲ್ಲ ಕಣೇ" ಎಂದಳು ಅಕ್ಕ, ಕತ್ತಲಲ್ಲೇ ಕಡ್ಡಿ ತಡಕುತ್ತ. "ಎಣಿಸ್ತಾ ಇದೆ."