ಬಾಡಿಗೆ ಬಟ್ಟೆ ಹಾಕದ ಟೇಪಕ್ಕ

ನಮ್ಮಕ್ಕನ ನಿಜವಾದ ಹೆಸರು ಈಗ ಅವಳ ಪಾಸ್‌ಪೋರ್ಟಿನಲ್ಲಿ ಮಾತ್ರ ಇದೆ. ಬೀದಿಯವರಿಗೆಲ್ಲ ಅವಳು ಟೇಪಕ್ಕ. ಬೆಳಗ್ಗೆ ಮುಖ ತೊಳೆದು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡಳೆಂದರೆ ಅದು ಇಳಿಯುವುದು ಮಲಗುವಾಗಲೇ. ಎದುರು ಸಿಕ್ಕವರನ್ನು ಲೋಕವೆಲ್ಲ ‘ಚೆನ್ನಾಗಿದೀರಾ’ ಅಂತ ಕೇಳುತ್ತದೆ. ಇವಳು ‘ನಿಮ್ಮ ಎಡ ಭುಜ ಅರ್ಧ ಇಂಚು ಇಳಿದಿದೆ, ಬ್ಯಾಗು ಬಲಕ್ಕೆ ಹಾಕ್ಕೊಳ್ಳಿ’ ಅನ್ನುತ್ತಾಳೆ. ಒಳ್ಳೆಯ ಮಾತೇ, ಆದರೆ ಯಾರಿಗೆ ಹಿಡಿಸುತ್ತದೆ ಹೇಳಿ.

ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವಳ ಅಂಗಡಿ. ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತದೆ. ಯೂನಿಫಾರ್ಮು ಹೊಲಿಯುವುದು ಕಸುಬು. ಶಾಲೆ ಮಕ್ಕಳದು, ಆಸ್ಪತ್ರೆಯ ಆಯಾಗಳದು, ಬ್ಯಾಂಕಿನ ಬಾಗಿಲು ಕಾಯುವವರದು. ಅವಳದೊಂದು ಹಟ: ತಾನು ಹೊಲಿಯದ ಬಟ್ಟೆಯನ್ನು ಮೈಗೆ ಹಾಕುವುದಿಲ್ಲ. ಪಿತ್ತಕೋಶದ ಆಪರೇಷನ್ನಿಗೆ ಸೇರಿಸಿದಾಗ ಅಲ್ಲಿ ಕೊಟ್ಟ ಹಸಿರು ಗೌನಿನ ಅಂಚನ್ನು ತಿರುಗಿಸಿ ನೋಡಿ, "ಇದು ನನ್ನ ಹೊಲಿಗೇನೇ, ಕೊಡಿ" ಎಂದು ಹಾಕಿಕೊಂಡಳು. ಬೇರೆಯವರ ಹೊಲಿಗೆಯಾಗಿದ್ದರೆ ಆಪರೇಷನ್ನೇ ಬೇಡ ಅಂದುಬಿಡುತ್ತಿದ್ದಳು. ಅಂಥ ಮೊಂಡಿ.

ನಾನು ಅವಳಿಗಿಂತ ಮೂರು ವರ್ಷ ಚಿಕ್ಕವಳು. ಕ್ಲಿನಿಕ್ಕಿನ ಕಿಟಕಿಯಲ್ಲಿ ಕೂತು ರೋಗಿಗಳ ನಂಬರು ಕೂಗುವವಳು. ನನ್ನ ಬಾಯಿ ಜೋರು ಅನ್ನುತ್ತಾರೆ. ಹೌದು, ಜೋರೇ. ಆದರೆ ನನ್ನದು ಬಾಯಿ ಮಾತ್ರ; ಎದೆಗಾರಿಕೆ ಅಕ್ಕನದು.

ಅಪ್ಪ ತೀರಿಕೊಂಡಾಗ ಅಕ್ಕನಿಗೆ ಹದಿಮೂರು. ಆ ವರ್ಷವೇ ಅವಳು ಶಾಲೆ ಬಿಟ್ಟು ಕಾಜಾ ಹೊಲಿಯುವ ಕೆಲಸಕ್ಕೆ ಸೇರಿದಳು. ಆ ವರ್ಷವೇ ನಮ್ಮ ತಮ್ಮ ಒಂದನೇ ಕ್ಲಾಸಿಗೆ ಹೋಗಬೇಕಿತ್ತು. ಇನ್ನು ಬೇಕಾಗದ ತನ್ನ ಶಾಲೆಯ ಬಿಳಿ ಅಂಗಿಯನ್ನೇ ಕತ್ತರಿಸಿ ಅವನಿಗೆ ಅಂಗಿ ಮಾಡಿದಳು. ಅವಳು ಹೊಲಿದ ಮೊದಲನೇ ಉಡುಪು ಅದು. ಹುಡುಗಿಯರ ಅಂಗಿಗೆ ಗುಂಡಿ ಒಂದು ಕಡೆ, ಹುಡುಗರದಕ್ಕೆ ಇನ್ನೊಂದು ಕಡೆ ಅನ್ನುವುದು ಪಾಪ ಅವಳಿಗೆ ಹೊಳೆದಿರಲಿಲ್ಲ. ಕ್ಲಾಸಿನ ಹುಡುಗರಿಗೆ ಹೊಳೆಯಿತು. ಮೊದಲ ದಿನವೇ ಅವನು ಮೂಗು ಸುರಿಸಿಕೊಂಡು ಓಡಿಬಂದ. ಅಕ್ಕ ಅವನ ಮುಖ ಒರೆಸಿ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ: "ಯಾರಾದ್ರೂ ನಕ್ರೆ, ನಮ್ಮಕ್ಕ ಹೊಲಿದಿದ್ದು ಅನ್ನು. ನಿಮ್ಮಕ್ಕಂಗೆ ಬರುತ್ತಾ ಅಂತ ಕೇಳು." ಅವನು ಆ ಅಂಗಿಯನ್ನು ಇಡೀ ವರ್ಷ ಹಾಕಿದ.

ಆ ತಮ್ಮ ಈಗ ಡ್ರೈವಿಂಗ್ ಸ್ಕೂಲು ನಡೆಸುತ್ತಾನೆ. ಕಲಿಯುವವರ ಪಕ್ಕ ಕೂರುವ ಮೇಷ್ಟ್ರ ಕಾಲ ಬುಡದಲ್ಲೂ ಒಂದು ಬ್ರೇಕು ಇರುತ್ತದೆ, ನೋಡಿರಬಹುದು. ಮೂವತ್ತು ವರ್ಷ ಅದನ್ನೇ ಒತ್ತಿ ಒತ್ತಿ ಅವನಿಗೆ ಅಭ್ಯಾಸವಾಗಿಬಿಟ್ಟಿದೆ. ಮನೆಯಲ್ಲಿ ಯಾರು ಯಾವ ಮಾತು ಎತ್ತಿದರೂ ಬ್ರೇಕು ಹಾಕುವವನು ಅವನೇ.

ಇನ್ನು ಕೊರಿಯಾದ ವಿಷಯ. ಅದನ್ನು ಮನೆಗೆ ತಂದವಳು ತಮ್ಮನ ಮಗಳು ಪುಟ್ಟಿ. ಕಾಲೇಜು ಮುಗಿಸಿ ಅತ್ತೆಯ ಅಂಗಡಿಗೆ ಬಂದು, ಮೊಬೈಲನ್ನು ದಾರದ ಡಬ್ಬಿಗೆ ಒರಗಿಸಿ ಕೊರಿಯಾದ ಧಾರಾವಾಹಿ ಹಾಕುವಳು. ಪುಟ್ಟಿ ಕಥೆ ನೋಡಿ ಅಳುವಳು. ಅಕ್ಕ ಕಾಲರು ನೋಡುವಳು. "ಅಳ್ತಿದಾಳಲ್ಲ ಆ ತಾಯಿ, ಅವಳ ಅಂಗಿ ನೋಡೇ. ಒಂದು ಸುಕ್ಕಿಲ್ಲ!" ಒಂದು ದಿನ ಆ ಧಾರಾವಾಹಿಯ ಮದುವೆ ಮನೆಯಲ್ಲಿ ಹುಡುಗಿಯೊಬ್ಬಳು "ಅಪ್ಪಾ" ಎಂದು ಕೂಗಿದಳು. ಅಕ್ಕ ಮಿಷಿನ್ ನಿಲ್ಲಿಸಿದಳು.

"ಏನಂದ್ಲು ಅವಳು?"

"ಅಪ್ಪ ಅಂದ್ರೆ ಅಲ್ಲೂ ಅಪ್ಪಾನೇ ಅತ್ತೆ."

"ಹೌದಾ? ಹಾಗಿದ್ರೆ ನಮ್ಮೋರೇ ಬಿಡು," ಅಂದಳು ಅಕ್ಕ. ಅವತ್ತಿನಿಂದ ‘ಒಂದ್ಸಲ ಹೋಗಿ ನೋಡ್ಬೇಕು ಕಣೇ’ ಅನ್ನುವುದು ಶುರುವಾಯಿತು.

ಒಂದು ಭಾನುವಾರ ತಮ್ಮ ಟೂರಿನ ಫಾರಂ ತಂದ. ಐದು ದಿನ, ಅರಮನೆ, ಹಳೆಯ ಬೀದಿಗಳು, ಗೋಪುರ. ಮೇಜಿನ ಮೇಲೆ ಹರಡಿ ಹೆಸರು ಬರೆದ: ತಾನು, ಹೆಂಡತಿ, ಪುಟ್ಟಿ, ನಾನು. ಪೆನ್ನಿನ ಮುಚ್ಚಳ ಹಾಕಿದ.

"ನಂದು?" ಅಂದಳು ಅಕ್ಕ.

"ನಿನಗ್ಯಾಕೆ ಅಕ್ಕ ಆ ಓಡಾಟ? ಮೊಣಕಾಲು ಬೇರೆ ನೋವು. ಅಲ್ಲೂ ಕಂಡೋರ ತೋಳು ಹಿಡ್ಕೊಂಡು ಅಳೆಯೋಕೆ ನಿಲ್ತೀಯ. ನಿನಗೊಂದು ಒಳ್ಳೆ ಶಾಲು ತರ್ತೀವಿ."

ನನಗೆ ಮೈ ಉರಿದುಹೋಯಿತು. ಹೋಗಬೇಕು ಅಂದವಳು ಅವಳು, ಗಾಡಿ ಹತ್ತುವವರು ನಾವು! ಆದರೆ ಅಕ್ಕ ನಕ್ಕಳು. "ಶಾಲು ನಾನೇ ಹೊಲ್ಕೋತೀನಿ. ನೀನು ಹೆಸರು ಬರಿ."

"ಪಾಸ್‌ಪೋರ್ಟೇ ಇಲ್ವಲ್ಲೇ ನಿನಗೆ!"

"ಮಾಡಿಸ್ಕೋತೀನಿ. ನಿನಗೇನು ಹುಟ್ತಾನೇ ಬಂದಿತ್ತಾ?"

ಪುಟ್ಟಿ ಮಧ್ಯೆ ಬಾಯಿ ಹಾಕಿದಳು. ಅರಮನೆ ನೋಡಲು ಹೋಗುವವರು ಅಲ್ಲಿಯ ಹಾನ್‌ಬೊಕ್ ಹಾಕಿಕೊಂಡು ಹೋಗುತ್ತಾರಂತೆ. ಹೆಂಗಸರಿಗೆ ಅಗಲವಾದ ಉದ್ದ ಲಂಗ, ಮೇಲೊಂದು ಗಿಡ್ಡ ಅಂಗಿ. ಗಂಡಸರಿಗೆ ದೊಗಲೆ ಪ್ಯಾಂಟು. ಎದೆಯ ಮೇಲೆ ಒಂದು ಪದರ ಇನ್ನೊಂದರ ಮೇಲೆ ಬಂದು ಪಟ್ಟಿಯ ಗಂಟು. ಅಲ್ಲೇ ಬಾಡಿಗೆಗೆ ಸಿಗುತ್ತದಂತೆ.

"ಬಾಡಿಗೆ ಬಟ್ಟೆ ನಾನು ಹಾಕಲ್ಲ," ಅಂದಳು ಅಕ್ಕ. "ನೀವೂ ಹಾಕ್ಬೇಡಿ. ಐದೂ ಜನಕ್ಕೂ ನಾನೇ ಹೊಲಿತೀನಿ."

ತಮ್ಮ ಬ್ರೇಕು ಹಾಕಿದ. "ಸರಿ, ಹೊಲಿ ನೋಡೋಣ. ಅಲ್ಲಿಯವರು ನೋಡಿ ನಗಬಾರದು, ಅಷ್ಟೇ. ಫಾರಂ ಕೊಡೋಕೆ ಇನ್ನೂ ಆರು ವಾರ ಇದೆ. ಬಟ್ಟೆ ಸರಿಯಾಗಿದ್ರೆ ನಿನ್ನ ಹೆಸರು ಬರಿತೀನಿ."

ಪಾಸ್‌ಪೋರ್ಟ್ ಆಫೀಸಿಗೆ ನಾನೇ ಜೊತೆಗೆ ಹೋದೆ. ಬೆರಳಚ್ಚು ತೆಗೆಯುವ ಯಂತ್ರ ಅವಳ ಹೆಬ್ಬೆರಳನ್ನು ಹಿಡಿಯಲೇ ಇಲ್ಲ. ಸೂಜಿ, ದಾರ, ಇಸ್ತ್ರಿಯ ಬಿಸಿಗೆ ಗೆರೆಗಳೇ ಸವೆದುಹೋಗಿವೆ. "ಗಟ್ಟಿಯಾಗಿ ಒತ್ತಿ ಅಜ್ಜಿ," ಅಂದ ಅಲ್ಲಿ ಕೂತಿದ್ದವನು. "ಅಜ್ಜಿ ಅನ್ಬೇಡಪ್ಪ, ನಿನ್ನ ಅಂಗಿ ತೋಳು ಒಂದಿಂಚು ಉದ್ದ ಇದೆ, ಮೊದಲು ಅದನ್ನ ಸರಿ ಮಾಡಿಸ್ಕೋ," ಅಂದಳು. ಏಳನೇ ಸಲಕ್ಕೆ ಯಂತ್ರವೇ ಸೋತು ಒಪ್ಪಿಕೊಂಡಿತು.

ಆರು ವಾರ ಅವಳು, ಹಾನ್‌ಬೊಕ್ ಹಾಕಿದವರಿದ್ದ ಧಾರಾವಾಹಿಯ ಆ ಮದುವೆ ಮನೆಯನ್ನೇ ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದಳು. ಹಳೆಯ ಪೇಪರಿನಲ್ಲಿ ಕತ್ತರಿಸಿ ನೋಡಿದಳು, ನನ್ನ ಮೈಗೆ ಗುಂಡುಸೂಜಿ ಚುಚ್ಚಿ ನೋಡಿದಳು. ಬೆನ್ನು ಮುಖ ಎರಡೂ ಒಂದೇ ಇರುವ ತೆಳು ಬಟ್ಟೆ ಆರಿಸಿ, ಒಳಪದರ ಕೊಡದೆ ಐದನ್ನೂ ಹೊಲಿದಳು. ಹೊಲಿಗೆ ಎಲ್ಲಿದೆ ಅಂತ ಹುಡುಕಿದರೂ ಕಾಣದು. ನನ್ನದು ತಿಳಿನೇರಳೆ. ಕನ್ನಡಿಯಲ್ಲಿ ನೋಡಿಕೊಂಡು ನನಗೇ ನಾಚಿಕೆಯಾಯಿತು.

ಫಾರಂ ಕೊಡುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ತಮ್ಮನ ಮನೆಯಲ್ಲಿ ಎಲ್ಲರೂ ಹಾಕಿಕೊಂಡು ನೋಡಿದೆವು. ತಮ್ಮನ ಹೆಂಡತಿ, "ಅತ್ತಿಗೆ, ನನ್ನ ಸೊಂಟ ಎಲ್ಲಿ ಹೋಯ್ತು!" ಎಂದು ಕುಣಿದಾಡಿದಳು. ತಮ್ಮನೂ ನೀಲಿ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ಮೀಸೆ ತಿರುವಿದ. ಪುಟ್ಟಿ ಮಾತ್ರ ಮೊಬೈಲಿನಲ್ಲಿ ಅಲ್ಲಿಯ ಬಾಡಿಗೆ ಅಂಗಡಿಯವರ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡುತ್ತಿದ್ದಳು.

"ಅತ್ತೆ... ಇವರೆಲ್ಲರದ್ದೂ ಪದರ ಆ ಕಡೆ ಬಂದಿದೆ. ನಮ್ಮದು ಈ ಕಡೆ ಇದೆ."

"ವೀಡಿಯೊದಲ್ಲಿ ಹೀಗೇ ಇತ್ತಲ್ಲೇ!"

ಪುಟ್ಟಿ ಆ ಮದುವೆ ಮನೆಯ ವೀಡಿಯೊ ಹಾಕಿದಳು. ನಿಜ, ಅದರಲ್ಲಿ ಹೀಗೇ ಇತ್ತು. ತಮ್ಮ ಬಗ್ಗಿ ನೋಡಿದ. ಮದುವೆಗೆ ಬಂದ ಕಾರಿನಿಂದ ಆ ತಾಯಿ ಇಳಿಯುತ್ತಿದ್ದಳು. "ತಡಿ, ತಡಿ. ಅಲ್ಲಿ ಸ್ಟೀರಿಂಗು ಎಡಗಡೆ ಇರುತ್ತೆ. ಇದರಲ್ಲಿ ನಮ್ಮ ಥರ ಬಲಗಡೆ ಇದೆ." ಅಲ್ಲಿ ಕಾರು ಓಡಿಸುವ ಆಸೆಯಿಂದ ಅವನು ಅಲ್ಲಿನ ರಸ್ತೆ ನಿಯಮವನ್ನೆಲ್ಲ ಉರು ಹೊಡೆದಿದ್ದ. "ಇಡೀ ಪಿಕ್ಚರ್ರೇ ಕನ್ನಡೀಲಿ ನೋಡ್ದಂಗೆ ತಿರುಗಿದೆ!"

ಪುಟ್ಟಿಗೆ ಆಗ ಹೊಳೆಯಿತು. ಧಾರಾವಾಹಿಯನ್ನು ಕದ್ದು ಇಂಟರ್‌ನೆಟ್ಟಿಗೆ ಹಾಕುವವರು ಸಿಕ್ಕಿಬೀಳಬಾರದೆಂದು ಚಿತ್ರವನ್ನು ಎಡಬಲ ತಿರುಗಿಸಿ ಹಾಕುತ್ತಾರಂತೆ. ಹಿಂದಿನ ಅಂಗಡಿ ಬೋರ್ಡುಗಳೂ ತಿರುಗಾಮುರುಗಾ ಇದ್ದವು. ನೆಟ್ಟಗಿದ್ದರೂ ನಮಗೇನು ಓದಲು ಬರುತ್ತಿತ್ತೇ?

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಳ್ಳ ವೀಡಿಯೊ ನೋಡಿ ಐದಕ್ಕೆ ಐದೂ ಉಲ್ಟಾ! ಅದಕ್ಕೇ ಹೇಳಿದ್ದು ನಾನು. ಬಾಡಿಗೆಗೆ ತಗೊಳ್ಳೋಣ. ನಾಳೆ ನಾಲ್ಕೇ ಹೆಸರು ಕೊಡ್ತೀನಿ. ಅಕ್ಕ, ನೀನು ಮನೇಲಿರು."

"ವೀಡಿಯೊದ್ದು ತಪ್ಪು, ಅತ್ತೇದಲ್ಲ," ಅಂದಳು ಪುಟ್ಟಿ, ಕಣ್ಣಲ್ಲಿ ನೀರು.

"ಸುಮ್ನಿರೇ. ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ. ಹೊಲಿದ ಕೈ ನಂದು, ತಪ್ಪೂ ನಂದೇ." ಅಕ್ಕ ಪುಟ್ಟಿಯ ಅಂಗಿಯ ಅಂಚನ್ನು ಮಗುಚಿ, ಒಳಗನ್ನು ಹೊರಗೆ ಮಾಡಿ ನೋಡಿದಳು. "ಈ ಬಟ್ಟೆಗೆ ಬೆನ್ನಿಲ್ಲ, ಎರಡೂ ಮುಖಾನೇ. ಬಿಚ್ಚಿ ಒಳಗು ಹೊರಗು ಮಾಡಿ ಹೊಲಿದ್ರೆ ಪದರ ತಾನಾಗೇ ಆ ಕಡೆ ಹೋಗುತ್ತೆ. ಹೊರಡೋಕೆ ಇನ್ನೂ ಎರಡು ತಿಂಗಳಿದೆ. ನನ್ನ ಹೆಸರು ಬರಿಯೋ."

"ಬರಿಯಲ್ಲ. ಮಾತು ಮಾತೇ."

"ಬರೀಬೇಡ. ಬೇರೆ ಗುಂಪಿನ ಜೊತೆ ಹೋಗ್ತೀನಿ. ನೀನು ಅರಮನೆ ಮುಂದೆ ಬಾಡಿಗೆ ಅಂಗಿ ಹಾಕ್ಕೊಂಡು ನಿಂತಿರು, ನಾನು ನಂದು ಹಾಕ್ಕೊಂಡು ಪಕ್ಕದಲ್ಲೇ ಹಾದು ಹೋಗ್ತೀನಿ. ಮಾತೂ ಆಡ್ಸಲ್ಲ."

ಇಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದೆ. ಇನ್ನಾಗಲಿಲ್ಲ. "ಏನೋ, ಉಲ್ಟಾ ಅಂತ ನಗ್ತೀಯಾ?" ಅಂದೆ, ಕ್ಲಿನಿಕ್ಕಿನಲ್ಲಿ ನಂಬರು ಕೂಗುವ ದನಿಯಲ್ಲಿ. "ಒಂದನೇ ಕ್ಲಾಸಲ್ಲಿ ನಿನ್ನ ಅಂಗಿ ಗುಂಡಿ ಯಾವ ಕಡೆ ಇತ್ತೋ? ನೆನಪಿದೆಯಾ, ಮರೆತೆಯಾ? ಅವತ್ತು ಬಾಡಿಗೆ ಅಂಗಿ ಯಾಕೋ ಕೇಳ್ಲಿಲ್ಲ? ಅದು ಅವಳು ಶಾಲೆ ಬಿಟ್ಟ ಅಂಗಿ ಕಣೋ!"

ತಮ್ಮನ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬ್ರೇಕು ಹುಡುಕುವವನ ಹಾಗೆ. ಅಕ್ಕ ನನ್ನನ್ನೇ ಗದರಿದಳು: "ಹಳೇದೆಲ್ಲ ಯಾಕೆ ಕೆದಕ್ತೀಯೇ? ನಡಿ." ನಮ್ಮ ನಾಲ್ವರು ಹೆಂಗಸರ ಬಟ್ಟೆ ಗಂಟು ಕಟ್ಟಿಕೊಂಡು ಹೊರಟೇಬಿಟ್ಟಳು. ತಮ್ಮನದನ್ನು ಕೇಳಲೂ ಇಲ್ಲ.

ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಾನು ಅಂಗಡಿಗೆ ಹೋದೆ. ಅಕ್ಕ ಬ್ಲೇಡು ಹಿಡಿದು ನನ್ನ ನೇರಳೆ ಅಂಗಿಯನ್ನು ಬಿಚ್ಚುತ್ತಿದ್ದಳು. ಟೂರಿನವರಿಗೆ ತಾನೇ ಫೋನು ಮಾಡಿ ಬೇರೆ ಗುಂಪಿದೆಯೇ ಎಂದು ಕೇಳಿಯೂ ಆಗಿತ್ತು. ಅಷ್ಟರಲ್ಲಿ ತಮ್ಮ ಬಂದ. ಕಂಕುಳಲ್ಲಿ ನೀಲಿ ಅಂಗಿ, ಕೈಯಲ್ಲಿ ಫಾರಂ. ಫಾರಂ ಚಾಚಿದ. ಐದು ಹೆಸರಿದ್ದವು. ಮೊದಲನೆಯದು ಅವಳದು.

ಅಕ್ಕ ಕನ್ನಡಕ ಏರಿಸಿ ಅಕ್ಷರ ಅಕ್ಷರ ನೋಡಿದಳು. "ಹೆಸರು ಸರಿಯಾಗಿ ಬರ್ದಿದೀಯ," ಅಂದಳು, ಅಷ್ಟೇ.

"ಅಕ್ಕ," ಅಂದ ಅವನು. "ಎಲ್ರದ್ದೂ ಬಿಚ್ಚು. ನಂದು ಮಾತ್ರ ಬಿಚ್ಚಬೇಡ. ಉಲ್ಟಾನೇ ಇರಲಿ. ಯಾರಾದ್ರೂ ನಕ್ರೆ, ನಮ್ಮಕ್ಕ ಹೊಲಿದಿದ್ದು ಅಂತೀನಿ."

ನಾನು ಬೀದಿಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಸುಳ್ಳೇಕೆ ಹೇಳಲಿ.

ಅಕ್ಕ ಕರಗುತ್ತಾಳೆ ಅಂದುಕೊಂಡಿದ್ದೆ. ಎಲ್ಲಿ! "ಅವತ್ತು ನನಗೆ ಹದಿಮೂರು ಕಣೋ, ಗೊತ್ತಿರಲಿಲ್ಲ," ಅಂದಳು. "ಗೊತ್ತಾದ ದಿನದಿಂದ ಆ ಗುಂಡಿ ನನ್ನ ಎದೇಲಿ ಕೂತಿದೆ. ಈಗ ಐವತ್ತೆಂಟು. ಗೊತ್ತಿದ್ದೂ ಗೊತ್ತಿದ್ದೂ ನಿನ್ನನ್ನ ಇನ್ನೊಂದ್ಸಲ ಹತ್ತು ಜನರ ಮುಂದೆ ಹಾಗೆ ನಿಲ್ಲಿಸ್ತೀನಾ? ಕೊಡೋ ಇಲ್ಲಿ!"

ಅಂಗಿಯನ್ನು ಕಸಿದುಕೊಂಡು ಮಡಿಲಲ್ಲಿ ಹರಡಿದಳು. "ನೆಟ್ಟಗೆ ನಿಂತ್ಕೋ. ಭುಜ ಇನ್ನೊಂದ್ಸಲ ಅಳೀಬೇಕು."

ಅವನು ನೆಟ್ಟಗೆ ನಿಂತ. ತಲೆ ಮೆಟ್ಟಿಲಿಗೆ ಟಣ್ಣೆಂದು ತಾಗಿತು. ಅಷ್ಟರಲ್ಲಿ ಅಕ್ಕ ಮೊದಲನೇ ಹೊಲಿಗೆ ಬಿಚ್ಚಿಯಾಗಿತ್ತು.