ಕಾಗದ ತೋರಿಸಿದರಷ್ಟೇ ಚಾವಿ: ರಾಯಬಾಗದ ಸುಂದರಾ

ಬೆಳಗಿನ ಐದೂವರೆ. ಅಲಖನೂರಿನ ಕಬ್ಬಿನ ಹೊಲಗಳ ಮೇಲೆ ಮಂಜು ಇನ್ನೂ ಕರಗಿಲ್ಲ. ವಿರುಪಾಕ್ಷಪ್ಪನವರ ಅಂಗಳದಲ್ಲಿ ನಿಂತ ಬಿಳಿ ಕಾರು ಜಪ್ಪಯ್ಯ ಅಂದರೂ ಬಾಗಿಲು ತೆರೆಯುತ್ತಿಲ್ಲ. ಏಳು ಗಂಟೆಗೆ ಅವರ ಹೆಂಡತಿ ರಾಮವ್ವನಿಗೆ ಚಿಕ್ಕೋಡಿಯಲ್ಲಿ ಡಯಾಲಿಸಿಸ್. ಆಕೆ ಶಾಲು ಹೊದ್ದು ಕಟ್ಟೆಯ ಮೇಲೆ ಕೂತಿದ್ದಾರೆ. ಅಷ್ಟರಲ್ಲಿ ರಾಯಬಾಗದ ಕಡೆಯಿಂದ ಒಂದು ಹಳೆಯ ಸ್ಕೂಟಿ ಬಂದು ನಿಲ್ಲುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಗಲ ಚೀಲ ಇಳಿಸಿಕೊಳ್ಳುತ್ತಲೇ ಚಾವಿ ಮಾಡುವ ಸುಂದರಾ ಕೈಚಾಚುತ್ತಾರೆ.

"ಚಾವಿ ಕೊಡ್ರಿ ಕಾಕಾ. ಇನ್ನೊಂದು ಎಲ್ಲೈತಿ?"

"ಕಾರಿನ್ಯಾಗ ಐತಿ ನೋಡವಾ. ಕಳೀಬಾರದಂತ ಅದರ ಡ್ರಾವರ್‌ನ್ಯಾಗ ಇಟ್ಟೇನಿ."

ಸುಂದರಾ ನಗುವುದಿಲ್ಲ. ರಿಮೋಟ್ ಚಾವಿಯ ಬದಿಯ ಸಣ್ಣ ಗುಂಡಿ ಒತ್ತಿ, ಅದರ ಹೊಟ್ಟೆಯೊಳಗಿಂದ ತೆಳ್ಳನೆಯ ಲೋಹದ ಚಾವಿಯೊಂದನ್ನು ಎಳೆಯುತ್ತಾರೆ. ನಾಲ್ಕು ವರ್ಷದಿಂದ ಕಾರು ಓಡಿಸುತ್ತಿರುವ ವಿರುಪಾಕ್ಷಪ್ಪನವರಿಗೆ ಅದು ಅಲ್ಲಿರುವುದೇ ಗೊತ್ತಿರಲಿಲ್ಲ. ಬಾಗಿಲ ಹಿಡಿಕೆಯ ಕೆಳಗಿನ ಮುಚ್ಚಳ ತೆಗೆದು, ಅದನ್ನು ತೂರಿಸಿ ತಿರುಗಿಸಿದ್ದೇ ಬಾಗಿಲು ತೆರೆದುಕೊಳ್ಳುತ್ತದೆ.

"ಸೆಲ್ ಸತ್ತೈತ್ರಿ, ಚಾವಿ ಸತ್ತಿಲ್ಲ. ಸೆಲ್ ಇರಲಾರದ ಹೊತ್ತಿನ್ಯಾಗ ಈ ರಿಮೋಟ್ ಸ್ಟಾರ್ಟ್ ಬಟನ್‌ಗೆ ಹಿಂಗ ತಾಗಿಸಿ ಹಿಡೀರಿ. ಬ್ರೇಕ್ ತುಳೀರಿ. ಈಗ ಒತ್ರಿ."

ಎಂಜಿನ್ ಗುರ್‌ ಎನ್ನುತ್ತದೆ. ರಾಮವ್ವ ಕಟ್ಟೆಯಿಂದ ಏಳುತ್ತಾರೆ. ಸುಂದರಾ ಡ್ರಾವರಿನಲ್ಲೇ ಬಿದ್ದು ಸೆಲ್ ಮುಗಿದಿದ್ದ ಎರಡನೇ ಚಾವಿಯನ್ನು ಹೊರತೆಗೆದು, ಎರಡಕ್ಕೂ ಹೊಸ ಸೆಲ್ ಹಾಕಿ, ಅದನ್ನು ರಾಮವ್ವನ ಕೈಗೇ ಕೊಡುತ್ತಾರೆ. "ಇದನ್ನ ನಿಮ್ಮ ಕಪಾಟಿನ್ಯಾಗ ಇಡ್ರಿ ಕಾಕಿ. ಗಾಡಿ ಒಳಗಿಟ್ಟ ಚಾವಿ ಯಾರಿಗೂ ಉಪಯೋಗಿಲ್ಲ, ಕಳ್ಳನೊಬ್ಬನ್ನ ಬಿಟ್ಟು."

ರಾಯಬಾಗದ ಬಸ್ ನಿಲ್ದಾಣದ ಎದುರಿಗಿನ ಪೆಟ್ಟಿಗೆ ಅಂಗಡಿ ಸುಂದರಾ ಅವರದು. ವಯಸ್ಸು ನಲವತ್ತೆರಡು. ಒಳಗೆ ಒಬ್ಬರು ಕೂತರೆ ಇನ್ನೊಬ್ಬರಿಗೆ ಮೊಣಕಾಲು ಮಡಚಲೂ ಜಾಗವಿಲ್ಲ. ದಿನಕ್ಕೆ ಎಂಟ್ಹತ್ತು ಬೈಕಿನ ಚಾವಿ, ನಾಲ್ಕಾರು ಮನೆಯ ಕೀಲಿ. ವಾರಕ್ಕೆ ಮೂರೋ ನಾಲ್ಕೋ ಕಾರಿನ ರಿಮೋಟ್. ದಿಗ್ಗೇವಾಡಿಯಿಂದ ಅಥಣಿಯವರೆಗೆ ಎಲ್ಲಿಂದ ಕರೆ ಬಂದರೂ ಹೋಗುತ್ತಾರೆ. ಹೆಂಗಸು ಬಂದಿದ್ದಾಳೆಂದು ಮೊದಲೆಲ್ಲ ಜನ ಗಾಡಿ ಮುಟ್ಟಲು ಬಿಡುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಫೋನು ಮಾಡಿ, ಬರಬೇಡ ಅಂದವರೂ ಇದ್ದಾರೆ.

ರಿಮೋಟಿನ ಗುಟ್ಟನ್ನು ಅವರು ಯಾರು ಕೇಳಿದರೂ ಬಿಡಿಸಿ ಹೇಳುತ್ತಾರೆ. "ಬಟನ್ ಒತ್ತಿದಾಗ ಚಾವಿ ಗಾಡಿಗೆ ಒಂದು ನಂಬರ್ ಹೇಳತೈತ್ರಿ. ನಿನ್ನೆ ಹೇಳಿದ್ದು ಇವತ್ತ ನಡ್ಯೂದಿಲ್ಲ, ಪ್ರತಿ ಸಲ ಹೊಸಾದು. ಹೊಂದಿದ್ರ ಬಾಗಲಾ ತಗೀತೈತಿ." ಬಟನ್ ಒತ್ತದೆಯೇ, ಜೇಬಿನಲ್ಲಿದ್ದರೂ ಸಾಕು ತೆರೆಯುವ ಕಾರುಗಳಿವೆಯಲ್ಲ, ಅವುಗಳ ಚಿಂತೆ ಬೇರೆ. ಮನೆಯ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ ಚಾವಿಯ ಸಣ್ಣ ಸಿಗ್ನಲ್ಲನ್ನು ಒಬ್ಬ ಕಳ್ಳ ಯಂತ್ರದಿಂದ ಹಿಡಿಯುತ್ತಾನೆ, ಕಾರಿನ ಹತ್ತಿರ ನಿಂತ ಇನ್ನೊಬ್ಬನಿಗೆ ದಾಟಿಸುತ್ತಾನೆ. ಚಾವಿ ಪಕ್ಕದಲ್ಲೇ ಇದೆಯೆಂದು ಕಾರು ಮೋಸಹೋಗುತ್ತದೆ. "ಅದಕ್ಕ ಬಾಗಲಾದಿಂದ ದೂರ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗ ಇಡ್ರಿ. ಡಬ್ಬಿ ಹಿಡ್ಕೊಂಡ ಕಾರಿನ ಹತ್ತಿರ ಹೋಗಿ ನೋಡ್ರಿ. ಬಾಗಲಾ ತಗದ್ರ ಆ ಡಬ್ಬಿ ಬ್ಯಾಡ, ಬ್ಯಾರೇದು ಹುಡುಕ್ರಿ." ಚಾವಿ ಕಳೆದರೆ ಹೊಸದು ಮಾಡಿಸುವುದಷ್ಟೇ ಸಾಲದು, ಕಳೆದದ್ದನ್ನು ಕಾರಿನ ನೆನಪಿನಿಂದ ಅಳಿಸಬೇಕು ಎಂಬುದು ಅವರ ಇನ್ನೊಂದು ಮಾತು.

ಆರ್‌ಸಿ ಪುಸ್ತಕ, ಆಧಾರ್, ಗಾಡಿಯ ಮುಂದೆ ನಿಂತ ಮಾಲೀಕನ ಫೋಟೋ. ಈ ಮೂರಿಲ್ಲದೆ ಸುಂದರಾ ಗಾಡಿಗೆ ಹೊಸ ಚಾವಿ ಮಾಡುವುದಿಲ್ಲ. ಈ ಕಟ್ಟುನಿಟ್ಟು ಎಲ್ಲಿಂದ ಬಂತು ಎಂದು ಕೇಳಿದರೆ ಚಾವಿಯ ಹಲ್ಲು ಉಜ್ಜುತ್ತಿದ್ದ ಕಾನಸು ಕೆಳಗಿಡುತ್ತಾರೆ.

ಈ ಕೆಲಸ ಕಲಿಸಿದ್ದು ತಂದೆ ಭೀಮಸಿ. ಸುಂದರಾ ಮತ್ತು ಅವರಿಗಿಂತ ಒಂಬತ್ತು ವರ್ಷ ಚಿಕ್ಕವನಾದ ತಮ್ಮ ಸಂಗ್ರಾಮ ಇಬ್ಬರೂ ಅಪ್ಪನ ಆಚೀಚೆ ಕೂತು ಕಲಿತವರು. ಅಪ್ಪ ತೀರಿಕೊಂಡ ಮೇಲೆ ರಿಮೋಟಿನ ಕೆಲಸವನ್ನು ಮೊದಲು ಕಲಿತು ಬಂದವನು ಸಂಗ್ರಾಮನೇ. ಅಕ್ಕನಿಗೂ ಕಲಿಸಿದ. "ನನಗಿಂತ ಅವನ ಕೈ ಚಲೋ. ಸುಳ್ಳ ಹೇಳೂದಿಲ್ರಿ."

ಒಂಬತ್ತು ವರ್ಷದ ಹಿಂದೆ ಒಬ್ಬ ಕಾರು ತಂದು, ನಾನು ಮಾಲೀಕರ ಡ್ರೈವರ್, ಇನ್ನೊಂದು ಚಾವಿ ಬೇಕು ಅಂದ. ಕಾಗದ ನಾಳೆ ತರುತ್ತೇನೆಂದ. ಸಂಗ್ರಾಮ ನಂಬಿ ಮಾಡಿಕೊಟ್ಟ. ಹದಿನೈದು ದಿನಕ್ಕೆ ಅಥಣಿಯ ಒಂದು ಮದುವೆ ಮಂಟಪದ ಮುಂದಿನಿಂದ ಆ ಕಾರು ಮಾಯವಾಯಿತು. ಪೊಲೀಸರು ಅಂಗಡಿಗೆ ಬಂದು, ಚಾವಿ ಮಾಡಿದ್ದು ಯಾರೆಂದು ಕೇಳಿದಾಗ ಸುಂದರಾ ತಮ್ಮನ ಹೆಸರು ಹೇಳಿದರು. ಎರಡು ದಿನ ಅವನನ್ನು ಠಾಣೆಯಲ್ಲಿ ಕೂರಿಸಿ, ತಪ್ಪು ಅವನದಲ್ಲವೆಂದು ಬಿಟ್ಟರು. ಕರೆತರಲು ಹೋದ ಅಕ್ಕ, ಠಾಣೆಯ ಮೆಟ್ಟಿಲ ಮೇಲೆ ಹತ್ತು ಜನರೆದುರು ಸಿಟ್ಟಿನಲ್ಲಿ ಅಂದುಬಿಟ್ಟರು: "ಕಾಗದ ನೋಡದ ಚಾವಿ ಮಾಡಾವ ಕಳ್ಳನಕಿಂತ ಕಡಿಮಿ ಅಲ್ಲ."

"ಊಟ ಮಾಡಿ ಮೂರ ಹೊತ್ತ ಆಗಿತ್ತ ಅವಗ. ಹಂಗ ಬಸ್ ಸ್ಟ್ಯಾಂಡ್ ಕಡೆ ಹ್ವಾದ. ಮಿರಜ ಗಾಡಿ ಹತ್ತಿದ್ದ ನೋಡಿದೆ. ಸಂಜಿಗೆ ಬರತಾನಂತ ರೊಟ್ಟಿ ಮಾಡಿಟ್ಟೆ."

ಬರಲಿಲ್ಲ. ಫೋನ್ ನಂಬರ್ ಬದಲಾಯಿತು. ಸುಂದರಾ ಅವರ ಗಂಡ ಬಾಳೇಶ ಎರಡು ಸಲ ಮಿರಜಕ್ಕೂ ಸಾಂಗಲಿಗೂ ಹೋಗಿ ಹುಡುಕಿ ಬಂದರು. ಅಂಗಡಿಯ ಮುಂದೆ ಮಿರಜದ ಬಸ್ಸು ನಿಂತಾಗಲೆಲ್ಲ, ಗಿರಾಕಿ ಮಾತಾಡುತ್ತಿದ್ದರೂ, ಸುಂದರಾ ಅವರ ಕಣ್ಣು ಇಳಿಯುವವರ ಮೇಲೆ ಹೋಗುತ್ತದೆ.

ಕಳೆದ ಶ್ರಾವಣದಲ್ಲಿ ಕಾಗವಾಡದ ವ್ಯಾಪಾರಿ ಆಬಾಸಾಹೇಬ ಸೆಲ್ ಬದಲಿಸಲೆಂದು ಒಂದು ರಿಮೋಟ್ ತಂದರು. ಸುಂದರಾ ಅದನ್ನು ಬಿಚ್ಚಿದರು. ಒಳಗೆ ಸೆಲ್ ಕೂರುವ ತಗಡು ಒಮ್ಮೆ ಕಿತ್ತುಬಂದಿತ್ತು; ಯಾರೋ ಕೂದಲೆಳೆಯ ತಾಮ್ರದ ತಂತಿಯನ್ನು ಎಡಕ್ಕೆ ಎರಡು ಸುತ್ತು ಸುತ್ತಿ ಬೆಸುಗೆ ಹಾಕಿದ್ದರು. ಅಪ್ಪ ಎಡಗೈಯವನು. ಹಾಗೆ ಸುತ್ತುವುದನ್ನು ಅವನಿಂದ ಕಲಿತವರು ಇಬ್ಬರೇ.

"ಯಾರ ಮಾಡಿದ್ರಿ ಇದನ್ನ?" ಸುಂದರಾ ಕೇಳಿದರು.

"ಮಿರಜದಾಗ ಒಬ್ಬ ಅದಾನ್ರಿ ತಾಯಿ. ಕೆಲಸ ಚಲೋ, ಆದ್ರ ಭಾಳ ತಲಿ ತಿಂತಾನ. ಆರ್‌ಸಿ ತಾ ಅಂದ, ಆಧಾರ್ ತಾ ಅಂದ, ಗಾಡಿ ಮುಂದ ನಿಲ್ಲಿಸಿ ಫೋಟೋ ತಗದ. ನಾನೇನ ಕಳ್ಳಾ ಏನೋ ಅಂದೆ. 'ಕಾಗದ ನೋಡದ ಮಾಡಿದ್ರ ಕಳ್ಳ ನಾ ಆಗತೇನ್ರಿ' ಅಂದ."

ಸುಂದರಾ ಬೆಸುಗೆ ಮುಟ್ಟಲಿಲ್ಲ. ಹೊಸ ಸೆಲ್ ಹಾಕಿ, ಮುಚ್ಚಿ ಕೊಟ್ಟರು. ಆಬಾಸಾಹೇಬರಿಂದ ಆ ಅಂಗಡಿಯ ನಂಬರ್ ಬರೆದುಕೊಂಡರು.

ಅದು ಈಗ ಅವರ ಫೋನಿನಲ್ಲಿದೆ. ಹೆಸರಿನ ಜಾಗದಲ್ಲಿ 'ತಮ್ಮ' ಎಂದಷ್ಟೇ. ಇದುವರೆಗೆ ಒತ್ತಿಲ್ಲ. ಯಾಕೆ ಎಂದು ಕೇಳಿದರೆ ಬಸ್ ನಿಲ್ದಾಣದ ಕಡೆ ನೋಡುತ್ತಾರೆ.

"ಬಾ ಅಂದ್ರ ಬಂದಾನು. ಬರೂದಿಲ್ಲ ಅಂದ್ರ ಆ ಮಾತ ಕೇಳಾಕ ಧೈರ್ಯ ಬೇಕಲ್ರಿ. ಅಂವ ಮಾಫ್ ಮಾಡಬೇಕಂತ ಇಲ್ಲ. ಒಂದ ಸಲ ಬಂದು ಇಲ್ಲಿ ಕುಂತು, ಅಕ್ಕಾ, ನಿನ್ನ ಕೈ ಇನ್ನೂ ಪಳಗಿಲ್ಲ ಬಿಡ ಅಂತ ಬೈದು ಹೋಗ್ಲಿ. ಅಷ್ಟ ಸಾಕ್ರಿ."