ರಸಮಟ್ಟ, ಅತ್ತೆ ಮತ್ತು ಆರು ಏಡಿಗಳು

ಅವನನ್ನು ನಿಜವಾದ ಹೆಸರು ಹಿಡಿದು ಕರೆಯುವವರು ಮನೆಯಲ್ಲೂ ಇರಲಿಲ್ಲ, ಕೆಲಸದ ಜಾಗದಲ್ಲೂ ಇರಲಿಲ್ಲ. ಎಲ್ಲರಿಗೂ ಅವನು ರಸಮಟ್ಟ. ಗಾಜಿನ ನಳಿಗೆಯೊಳಗೆ ಗುಳ್ಳೆಯೊಂದು ಅತ್ತಿತ್ತ ಓಡಾಡಿ ನೆಲ ಸಮವಾಗಿದೆಯೋ ಇಲ್ಲವೋ ಹೇಳುತ್ತದಲ್ಲ, ರಸಮಟ್ಟವೆಂಬ ಆ ಹಳದಿ ಪಟ್ಟಿ ಯಾವಾಗಲೂ ಅವನ ಪ್ಯಾಂಟಿನ ಹಿಂದಿನ ಜೇಬಿನಿಂದ ಇಣುಕುತ್ತಿತ್ತು. ಬಚ್ಚಲುಮನೆ, ಅಡುಗೆಮನೆಗಳಿಗೆ ಟೈಲ್ಸ್ ಕೂರಿಸುವುದು ಅವನ ಕಸುಬು. ಕೆಲಸ ಮುಗಿದ ಮೇಲೂ ಕಣ್ಣು ಸುಮ್ಮನಿರುತ್ತಿರಲಿಲ್ಲ. ಯಾರದೋ ಮನೆಗೆ ಮಾತಾಡಿಸಲು ಹೋದರೆ ಅವರ ಟೀಪಾಯಿಯ ಕಾಲಡಿ ರಟ್ಟಿನ ಚೂರು ತುರುಕಿ ಬರುತ್ತಿದ್ದ.

ಮದುವೆಯಾದಂದಿನಿಂದ ಅವನು ಅತ್ತೆಯ ಮನೆಯಲ್ಲೇ ಇದ್ದ. ಅತ್ತೆ ನಿವೃತ್ತ ಡ್ರಿಲ್ ಟೀಚರ್. ಜೀವಮಾನವಿಡೀ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಆಕೆಗೆ ಈಗ ಸಾಲು ಕೆಡಿಸುವುದರಲ್ಲಿ ಖುಷಿ ಸಿಗುತ್ತಿತ್ತು. ಅಳಿಯ ಸಂಜೆ ಬಂದು ಕುರ್ಚಿಯಲ್ಲಿ ಕಾಲು ಚಾಚುವ ಹೊತ್ತಿಗೆ ಸರಿಯಾಗಿ ಗೋಡೆಯ ಮೇಲಿನ ಫೋಟೋಗಳಲ್ಲಿ ಒಂದು ಕೂದಲೆಳೆಯಷ್ಟು ಓರೆಯಾಗಿರುತ್ತಿತ್ತು. ಅವನು ಸ್ವಲ್ಪ ಹೊತ್ತು ಹಲ್ಲು ಕಚ್ಚಿ ಕೂರುವನು. ಆಮೇಲೆ ಎದ್ದು ಹೋಗಿ ಸರಿಮಾಡುವನು. ಅತ್ತೆ ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುವಳು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಬಾಯಿಯಲ್ಲಿ ಮಾತ್ರ ಆಕೆ "ಅಳಿಯಂದ್ರೇ" ಎಂದೂ, ಅವನು "ಅತ್ತೆ, ನೀವು" ಎಂದೂ ಮರ್ಯಾದೆ ತಪ್ಪುತ್ತಿರಲಿಲ್ಲ.

ಅಂಥ ಮನೆಗೆ ಏಡಿಗಳು ಬಂದದ್ದು ಊಟದ ಡಬ್ಬಿಯಲ್ಲಿ.

ಸಾಕುಪ್ರಾಣಿಗಳ ಅಂಗಡಿಯೊಂದರಲ್ಲಿ ಅವನು ನೆಲ ಹಾಕುತ್ತಿದ್ದ. ಮೂಲೆಯ ಬೋಗುಣಿಯೊಂದರಲ್ಲಿ ಹೆಬ್ಬೆರಳಿನ ಉಗುರಿನಷ್ಟೇ ದೊಡ್ಡ ಏಡಿಗಳಿದ್ದವು. ಕೆಂಪು ಕಾಲು, ಕಡ್ಡಿಯ ತುದಿಗೆ ಮಣಿ ಸಿಕ್ಕಿಸಿದಂಥ ಕಣ್ಣು. ಇವನು ಬಗ್ಗಿದರೆ ಅವೂ ಬಗ್ಗುವವು. ಇವನು ಕರಣೆ ಎತ್ತಿದರೆ ಅವು ಕೊಂಡಿ ಎತ್ತುವವು. ತನ್ನ ಕೆಲಸವನ್ನು ಇಷ್ಟು ಗಮನವಿಟ್ಟು ನೋಡಿದವರನ್ನು ಅವನು ಈವರೆಗೆ ಕಂಡಿರಲಿಲ್ಲ. ಕೆಲಸ ಮುಗಿದ ದಿನ ಅಂಗಡಿಯವನು ಅವನ ಆಸೆ ಕಂಡು ಆರು ಏಡಿಗಳನ್ನೂ ಒಂದು ಹಳೆಯ ಗಾಜಿನ ತೊಟ್ಟಿಯನ್ನೂ ಕೊಟ್ಟುಬಿಟ್ಟ. ಅರ್ಧ ನೆಲ, ಅರ್ಧ ನೀರು ಇರಬೇಕು. ಬರೀ ನೀರಲ್ಲಿಟ್ಟರೆ ಉಸಿರು ಕಟ್ಟಿ ಸಾಯುತ್ತವೆ, ಬರೀ ನೆಲದಲ್ಲಿಟ್ಟರೆ ಒಣಗಿ ಸಾಯುತ್ತವೆ ಎಂದೂ ಹೇಳಿ ಕಳಿಸಿದ.

ತೊಟ್ಟಿಯನ್ನು ಹಿತ್ತಿಲಲ್ಲಿ ಬಚ್ಚಿಟ್ಟು, ಹೆಂಡತಿಯನ್ನು ಒಪ್ಪಿಸಿ ಆಮೇಲೆ ಅತ್ತೆಗೆ ತಿಳಿಸುವುದೆಂದು ಅವನು ಲೆಕ್ಕ ಹಾಕಿದ್ದ. ಅಷ್ಟರಲ್ಲಿ ಅತ್ತೆ ತೊಳೆಯಲೆಂದು ಡಬ್ಬಿಯ ಮುಚ್ಚಳ ತೆಗೆದಾಗಿತ್ತು. ಆಕೆ ಕಿರುಚಲಿಲ್ಲ. ಒಳಗೆ ನೋಡಿ, ಮುಚ್ಚಳವನ್ನು ಸಡಿಲವಾಗಿ ಮುಚ್ಚಿ, ಊಟಕ್ಕೆ ಕೂತಾಗ ಅದನ್ನು ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

"ಅಳಿಯಂದ್ರೇ, ಮಧ್ಯಾಹ್ನದ ಊಟ ಉಳಿಸ್ಕೊಂಡು ಬಂದಿದೀರಿ. ಓಡಾಡ್ತಿದೆ."

ಹೆಂಡತಿ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುವವಳು. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಬಂದವಳಿಗೆ ಉಗುರಿನಷ್ಟು ಏಡಿ ಏನೂ ದೊಡ್ಡದೆನಿಸಲಿಲ್ಲ. ಸಾಕುವುದಾದರೆ ಹಜಾರದಲ್ಲಿ, ಎಲ್ಲರ ಕಣ್ಣೆದುರು ಸಾಕಿ ಎಂದು ತೀರ್ಪು ಕೊಟ್ಟು ಕೈತೊಳೆಯಲು ಎದ್ದಳು.

ರಸಮಟ್ಟನಿಗೆ ಈಗ ಪೀಕಲಾಟ ಶುರುವಾಯಿತು. ಬದುಕೆಲ್ಲ ಸಮ ಮಾಡಿಯೇ ರೂಢಿಯಾದವನು ಬೇಕೆಂದೇ ಏರುತಗ್ಗು ಕಟ್ಟಬೇಕಿತ್ತು. ಆದರೂ ಬಚ್ಚಲುಮನೆಗೆ ಇಳಿಜಾರು ಕೊಡುವವನಿಗೆ ಇದ್ಯಾವ ಮಹಾ ಎಂದುಕೊಂಡು, ತೊಟ್ಟಿಯ ತಳಕ್ಕೆ ಸಿಮೆಂಟು ಮೆತ್ತಿ, ಮೇಲೆ ನೀಲಿ ಟೈಲ್ಸಿನ ಚೂರುಗಳನ್ನು ಒಂದಕ್ಕೊಂದು ಕೂಡಿಸಿದ. ಜೀವ ಇರುವ ಜಾಗಕ್ಕೆ ಸಿಮೆಂಟು ಬೇಡ ಎಂದು ಅತ್ತೆ ಕೂತಲ್ಲಿಂದಲೇ ಹೇಳಿದಳು. ಅವನು ಕೇಳಿಸಿಕೊಳ್ಳಲಿಲ್ಲ. ಅದು ಒಣಗಿದ ಮೇಲೆ, ಬಕೆಟಿನಲ್ಲಿ ಒಂದು ದಿನ ಬಿಟ್ಟು ಕ್ಲೋರಿನ್ ವಾಸನೆ ಹೋದ ನೀರನ್ನು ಸುರಿದ. ಅರಮನೆಯ ಈಜುಕೊಳದಂತೆ ಥಳಥಳಿಸಿತು.

ಅಲ್ಲಿಯವರೆಗೆ ಒಂದು ತೇವದ ಬೋಗುಣಿಯಲ್ಲಿ ಕಾದಿದ್ದ ಏಡಿಗಳನ್ನು ನೀರಿಗೆ ಬಿಟ್ಟರು. ಅವು ದಡಕ್ಕೆ ಹತ್ತಲು ಹೊರಟವು. ನಯವಾದ ಟೈಲ್ಸಿನ ಮೇಲೆ ಎಂಟು ಕಾಲುಗಳನ್ನೂ ಆಡಿಸುತ್ತ ಅರ್ಧ ಏರಿ, ಜರ್ರನೆ ಜಾರಿ ಮತ್ತೆ ನೀರಿಗೆ ಬಿದ್ದವು. ಮತ್ತೆ ಹತ್ತಿದವು, ಮತ್ತೆ ಜಾರಿದವು. ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಶಾಲೆಯ ಜಾರುಬಂಡೆಯಲ್ಲಿ ಮಕ್ಕಳೂ ಹೀಗೇ ಮಾಡುತ್ತಿದ್ದವೆಂದೂ, ಇವಕ್ಕೆ ನಗು ಬರುವುದಿಲ್ಲ ಅಷ್ಟೇ ಎಂದೂ ಹೇಳಿದಳು. ಅವನಿಗೆ ಮೈಯೆಲ್ಲ ಉರಿಯಿತು. ಆದರೆ ಒಳಗೆ ಹೋದವಳು ಬರುವಾಗ ಹಿಮ್ಮಡಿ ಉಜ್ಜುವ ತನ್ನ ತೂತುತೂತಿನ ಕಲ್ಲನ್ನು ತಂದು ನೀರಿನ ಅಂಚಿಗೆ ಇಟ್ಟಳು. ಮೊದಲ ಏಡಿ ಅದನ್ನು ಹಿಡಿದು ಸರಸರನೆ ಮೇಲೆ ಹತ್ತಿತು.

ಅವನು ಟೈಲ್ಸ್ ಕಿತ್ತ. ದಪ್ಪ ಮರಳು, ಒರಟು ಕಲ್ಲು, ಒಣಗಿದ ಮರದ ತೊಗಟೆ ಬಂದವು. ಹಿತ್ತಿಲ ಗೋಡೆಯ ಹಾವಸೆಯನ್ನು ಚಾಕುವಿನಿಂದ ಎಬ್ಬಿಸಿ ತಂದು ನೆಲದ ಭಾಗಕ್ಕೆ ಹಾಸಿದ. ನೀರು ತಿರುಗಲು ಪುಟ್ಟದೊಂದು ಪಂಪು, ಮೇಲೆ ಸಣ್ಣ ಕಣ್ಣಿನ ಜಾಲರಿ. ಪಂಪಿನ ವೈರನ್ನು ಹಿಡಿದು ಹತ್ತಿ ಬರುವ ಕಿಲಾಡಿಗಳಿಗಾಗಿ ವೈರು ಹೊರಬರುವ ಸಂದಿಗೂ ಸ್ಪಂಜು ತುರುಕಿದ. ತಳದ ಸಿಮೆಂಟನ್ನು ಮಾತ್ರ ಹಾಗೇ ಬಿಟ್ಟ. ಅದನ್ನೂ ಕಿತ್ತರೆ ಅತ್ತೆಗೆ ಪೂರ್ತಿ ಸೋತಂತಾಗುತ್ತಿತ್ತು.

ಏಡಿಗಳು ಹೊಂದಿಕೊಂಡವು. ಎಲ್ಲಕ್ಕಿಂತ ದೊಡ್ಡದಕ್ಕೆ ಒಂದು ಕಾಲು ಇರಲಿಲ್ಲ, ಬೆನ್ನು ಮಾಸಲು ಕಂದು. ಕಲ್ಲಿನ ಮೇಲೆ ನಿಂತು ಉಳಿದವರ ಮೇಲೆ ಕಣ್ಣಾಡಿಸುತ್ತಿದ್ದುದರಿಂದ ಅತ್ತೆ ಅದಕ್ಕೆ ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಳು. ಬೆಳಿಗ್ಗೆ ನೀರು ಚಿಮುಕಿಸುವುದು ಅವನ ಪಾಲಿಗೆ, ಬೇಯಿಸಿದ ಕ್ಯಾರೆಟ್ಟಿನ ಚೂರು ಹಾಕುವುದು ಆಕೆಯ ಪಾಲಿಗೆ ಬಂತು.

ಒಂದು ಬೆಳಿಗ್ಗೆ ಹೆಡ್‌ಮಾಸ್ಟರ್ ನೀರಿನಲ್ಲಿ ಅಲುಗಾಡದೆ ಬಿದ್ದಿತ್ತು. ರಸಮಟ್ಟ ಚಮಚದ ತುದಿಯಿಂದ ಮುಟ್ಟಿದ; ಅದು ಪಂಪಿನ ನೀರಿಗೆ ತೇಲಿ ಅತ್ತ ಸರಿಯಿತು. ಕೈಯಲ್ಲಿ ಮುಟ್ಟಲು ಅವನಿಗೆ ಮನಸ್ಸಾಗಲಿಲ್ಲ. ಚಮಚದಲ್ಲೇ ಎತ್ತಿ, ಕಾಗದದಲ್ಲಿ ಸುತ್ತಿ, ಹಿತ್ತಿಲ ಹೂಕುಂಡದಲ್ಲಿ ಹೂತು, ಮೇಲೆ ನೀಲಿ ಟೈಲ್ಸಿನ ಒಂದು ಚೂರನ್ನು ಕೂರಿಸಿದ. ರಸಮಟ್ಟವನ್ನು ತೆಗೆದು ಅದರ ಮೇಲಿಟ್ಟು ನೋಡಿ, ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ಆಮೇಲೆ ಒಳಗೆ ಬಂದು, ಜೀವನದಲ್ಲಿ ಮೊದಲ ಸಲ, ಆ ಮಾತು ಆಡಿದ:

"ಅತ್ತೆ, ನೀವು ಹೇಳಿದ್ದೇ ಸರಿ. ಸಿಮೆಂಟಿನ ಸುಣ್ಣ ನೀರಿಗೆ ಬಿಟ್ಟಿರ್ಬೇಕು. ನಾನೇ ಕೊಂದೆ."

ಭಾನುವಾರ ರಜೆ, ಅವತ್ತು ಎಲ್ಲವನ್ನೂ ಹೊರಗೆ ತೆಗೆದು ಸಿಮೆಂಟು ಕೀಳುವುದಾಗಿ ಹೇಳಿ, ತಿಂಡಿಯನ್ನೂ ಮುಟ್ಟದೆ ಕೆಲಸಕ್ಕೆ ಹೋದ.

ಮಧ್ಯಾಹ್ನ ಕ್ಯಾರೆಟ್ಟು ಹಾಕಲು ಹೋದ ಅತ್ತೆ ತೊಗಟೆಯನ್ನು ಸರಿಸಿದಳು. ಅದರಡಿಯಲ್ಲಿ ಹೆಡ್‌ಮಾಸ್ಟರ್ ಕೂತಿತ್ತು. ಮೈ ಪೇಲವ, ಮೆತ್ತಗೆ, ಮೊದಲಿಗಿಂತ ದಪ್ಪ. ಇಲ್ಲದ ಕಾಲಿನ ಜಾಗದಲ್ಲಿ ಎಳೆಯ ಕಾಲೊಂದು ಮೂಡಿತ್ತು. ಹಾವು ಪೊರೆ ಬಿಟ್ಟಂತೆ ಇದೂ ಹಳೆಯ ಚಿಪ್ಪನ್ನು ಇಡಿಯಾಗಿ ಕಳಚಿಟ್ಟಿದೆ, ಅಳಿಯ ಹೂತದ್ದು ಖಾಲಿ ಅಂಗಿಯನ್ನು ಎಂದು ಆಕೆಗೆ ಹೊಳೆಯಿತು. ಸಂಜೆ ಬಂದೊಡನೆ ಹೇಳಬೇಕೆಂದೇ ಇದ್ದಳು. ಆದರೆ ಸಂಜೆ ಅವನು ಬಂದು ಕೂತಾಗ ಫೋಟೋ ಓರೆಯಾಗಿಯೇ ಇತ್ತು, ಅವನು ಏಳಲಿಲ್ಲ. ಬೆಳಿಗ್ಗೆ ಏನೋ ಹೇಳಿದಿರಲ್ಲ, ಸರಿಯಾಗಿ ಕೇಳಿಸಲಿಲ್ಲ ಎಂದು ಆಕೆ ಮೆಲ್ಲಗೆ ಅಂದಳು. ಅವನು ತಲೆ ತಗ್ಗಿಸಿ, ಅತ್ತೆ ಹೇಳಿದ್ದೇ ಸರಿ ಎಂದು ಮತ್ತೊಮ್ಮೆ ಹೇಳಿದ.

ಎಷ್ಟೋ ವರ್ಷದಿಂದ ಕಾದಿದ್ದ ಮಾತು. ಇನ್ನೊಂದೆರಡು ದಿನ ಕೇಳಿದರೆ ಯಾರ ಗಂಟು ಹೋಗುತ್ತದೆ ಎನಿಸಿ ಆಕೆ ಸುಮ್ಮನಾದಳು. ತೊಟ್ಟಿಗೆ ನೀವು ಕೈ ಹಾಕಬೇಡಿ, ಸುಮ್ಮನೆ ಬೇಜಾರು ಎಂದು ಹೇಳಿ ನೀರು ಚಿಮುಕಿಸುವ ಕೆಲಸವನ್ನೂ ತಾನೇ ವಹಿಸಿಕೊಂಡಳು. ತೊಗಟೆಯಡಿಯ ಹೆಡ್‌ಮಾಸ್ಟರಿಗೆ ಗುಟ್ಟಾಗಿ ಊಟ ಸಲ್ಲುತ್ತಿತ್ತು.

ಭಾನುವಾರ ಬೆಳಿಗ್ಗೆ ಆಕೆ ಸ್ನಾನಕ್ಕೆ ಹೋಗಿದ್ದಾಗ ರಸಮಟ್ಟ ಬಕೆಟ್ಟು ತಂದು ಏಡಿಗಳನ್ನು ಒಂದೊಂದಾಗಿ ಎತ್ತಿದ. ಐದಾದ ಮೇಲೆ ತೊಗಟೆ ತೆಗೆದರೆ ಅಲ್ಲಿ ಇನ್ನೊಂದು. ಹೆಡ್‌ಮಾಸ್ಟರಿಗಿಂತ ದೊಡ್ಡದು, ಕೆಂಡದಂಥ ಕೆಂಪು, ಕಾಲುಗಳೆಲ್ಲ ಇದ್ದವು. ಅವನು ಅದನ್ನೇ ನೋಡುತ್ತ ಕೂತುಬಿಟ್ಟ. ತಲೆ ಒರೆಸಿಕೊಳ್ಳುತ್ತ ಬಂದ ಅತ್ತೆ ಬಕೆಟ್ಟು ಕಂಡದ್ದೇ ಬಾಗಿಲಲ್ಲೇ ನಿಂತಳು.

"ಯಾಕತ್ತೆ, ನನಗೆ ಒಂದು ಮಾತು ಹೇಳ್ಲಿಲ್ಲ?" ಅವನು ಏಡಿಯಿಂದ ಕಣ್ಣು ತೆಗೆಯದೆ ಕೇಳಿದ.

ಆಕೆ ಬಕೆಟ್ಟಿನತ್ತ ಒಂದು ಹೆಜ್ಜೆ ಇಟ್ಟಳು.

"ನನ್ನ ಸಂಕಟ ನೋಡ್ಲಾರದೆ ಅಂಗಡಿಗೆ ಹೋಗಿ ಇನ್ನೊಂದು ತಂದು ಬಿಟ್ಟಿದೀರಿ. ಅದೂ ಗೊತ್ತಾಗ್ದೇ ಇರೋ ಹಾಗೆ."

ಅತ್ತೆ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡಳು. "ಏನೋಪ್ಪ, ನಿಮ್ಮ ಮುಖ ನೋಡಕ್ಕಾಗ್ತಿರ್ಲಿಲ್ಲ," ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅವನು ಸಿಮೆಂಟು ಕಿತ್ತು, ತೊಟ್ಟಿಯನ್ನು ಉಜ್ಜಿ ತೊಳೆದು, ಬರೀ ಕಲ್ಲು ಮರಳಿನಿಂದ ಮತ್ತೆ ಕಟ್ಟಿದ. ಅಷ್ಟಕ್ಕೇ ಬಿಡಲಿಲ್ಲ. ಕಾಲು ಜಾರುತ್ತದೆಂದು ಅತ್ತೆ ಬಹಳ ಕಾಲದಿಂದ ಗೊಣಗುತ್ತಿದ್ದ ಬಚ್ಚಲಿನ ನೆಲವನ್ನು ಒಡೆದು ಒರಟು ಟೈಲ್ಸ್ ಹಾಕಿಕೊಟ್ಟ. ಆಕೆ ಕೂರುವ ಕುರ್ಚಿಗೆ ದಿಂಬು ಬಂತು. ಕಾಫಿಯನ್ನೂ ಅವನೇ ತಂದುಕೊಡತೊಡಗಿದ. ಅತ್ತೆಗೆ ಆ ಕಾಫಿ ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು, ಆದರೂ ಕುಡಿದಳು.

ಮುಂದಿನ ವಾರ ರಸಮಟ್ಟ ಅಂಗಡಿಯವನಿಗೆ ಥ್ಯಾಂಕ್ಸ್ ಹೇಳಲು ಹೋದ. ಒಳ್ಳೆಯ ಏಡಿ ಆರಿಸಿಕೊಟ್ಟಿದ್ದೀರಿ ಎಂದರೆ ಅವನು ಮಿಕಮಿಕ ನೋಡಿದ. ಯಾವ ಅತ್ತೆಯೂ ಬಂದಿರಲಿಲ್ಲ. ಕಥೆಯನ್ನು ಪೂರ್ತಿ ಕೇಳಿದ ಮೇಲೆ ಅವನು ಕೌಂಟರಿನ ಮೇಲೆ ತಲೆಯಿಟ್ಟು ನಕ್ಕ. ಬೆಳೆಯುವಾಗ ಅವು ಚಿಪ್ಪು ಕಳಚುತ್ತವೆ, ಹೋದ ಕಾಲೂ ಆಗ ಮರಳಿ ಬರುತ್ತದೆ. ಅನುಮಾನವಿದ್ದರೆ ಅಗೆದು ನೋಡಿ ಎಂದ.

ರಸಮಟ್ಟ ಮನೆಗೆ ಬಂದವನೇ ಹೂಕುಂಡ ಅಗೆದ. ಕಾಗದ ಬಿಚ್ಚಿದರೆ ಒಳಗೆ ಈರುಳ್ಳಿ ಸಿಪ್ಪೆಯಷ್ಟು ಹಗುರದ ಚಿಪ್ಪು, ಹಿಂಬದಿಯಲ್ಲಿ ಬಾಗಿಲು ತೆರೆದಂತೆ ಬಿರುಕು. ಮೊದಲು ಅವನ ಕಿವಿಯ ತುದಿ ಕೆಂಪಾಯಿತು. ಬಚ್ಚಲಿನ ನೆಲ, ದಿಂಬು, ಕಾಫಿ ಒಂದೊಂದಾಗಿ ನೆನಪಾದವು. ಖಾಲಿ ಚಿಪ್ಪಿನ ಗೋರಿಗೆ ತಾನು ಮಟ್ಟ ಹಿಡಿದದ್ದು ನೆನಪಾದಾಗ ಮಾತ್ರ ನಗು ತಡೆಯಲಾಗಲಿಲ್ಲ. ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಎಲ್ಲವನ್ನೂ ಮೊದಲಿದ್ದಂತೆ ಹೂತುಬಿಟ್ಟ.

ಊಟದ ಹೊತ್ತಿಗೆ ಅವನ ಮುಖ ಹಸುಗೂಸಿನಂತಿತ್ತು. ಅತ್ತೆ ತಂದ ಏಡಿ ಒಂಟಿಯಾಗಿ ಕೂತಿರುತ್ತದೆಂದೂ, ಆರಿಸುವುದರಲ್ಲಿ ಅವರ ಕೈ ಒಳ್ಳೆಯದೆಂದೂ, ಅದೇ ಅಂಗಡಿಯಿಂದ ಜೊತೆಗೊಂದು ತಂದರೆ ದೊಡ್ಡ ಉಪಕಾರವೆಂದೂ ಬೇಡಿಕೊಂಡ. ಅತ್ತೆ ಒಪ್ಪಿಕೊಳ್ಳಲೇಬೇಕಾಯಿತು. ಹೆಂಡತಿ ಇಬ್ಬರನ್ನೂ ನೋಡಿ ತಟ್ಟೆಯತ್ತ ಕಣ್ಣು ತಿರುಗಿಸಿದಳು.

ಮರುದಿನ ಅತ್ತೆ ಛತ್ರಿ ಹಿಡಿದು, ಅವರಿವರನ್ನು ಕೇಳುತ್ತ ಅಂಗಡಿ ಹುಡುಕಿಕೊಂಡು ಹೋದಳು. ಅಂಗಡಿಯವನಿಗೆ ಅಳಿಯನಿಂದ ಮೊದಲೇ ಫೋನು ಹೋಗಿತ್ತು. ಅವನು ಬಲು ವಿನಯದಿಂದ ಕೇಳಿದ: "ಬನ್ನಿ ಅಮ್ಮಾ. ಹೋದ ಸಲ ತಗೊಂಡ್ರಲ್ಲ, ಅಂಥದ್ದೇ ಕೊಡ್ಲಾ?"

ಆಕೆಗೆ ಎಲ್ಲವೂ ಒಂದೇ ಸಲಕ್ಕೆ ಅರ್ಥವಾಯಿತು. ಆದರೆ ಮೈದಾನದಲ್ಲಿ ಕೂದಲು ಬೆಳ್ಳಗಾದವಳು. "ಹೂಂ. ಹೋದ ಸಲದ್ದು ಬಿಟ್ಟಿ ಸಿಕ್ತು. ಇದನ್ನೂ ಹಂಗೇ ಕೊಡಿ," ಎಂದಳು.

ಅವನು ಕೊಟ್ಟ. ಅದೂ ಒಳ್ಳೆಯ ಹೆಣ್ಣು ಏಡಿಯನ್ನೇ ಆರಿಸಿ ಕೊಟ್ಟ.

ಸಂಜೆ ರಸಮಟ್ಟ ಬರುವಷ್ಟರಲ್ಲಿ ಅದು ಕಲ್ಲಿನ ಮೇಲೆ ಕೂತಿತ್ತು. ಅಂಗಡಿಯವರು ಚೆನ್ನಾಗಿದ್ದಾರೆಯೇ ಎಂದು ಅವನು ಕಾಲು ತೊಳೆಯುತ್ತಲೇ ವಿಚಾರಿಸಿದ.

"ಚೆನ್ನಾಗಿದಾರೆ. ನಿಮ್ಮನ್ನ ಕೇಳಿದ್ರು," ಎಂದಳು ಅತ್ತೆ. "ಗೋರಿ ಮೇಲಿನ ಟೈಲ್ಸು ಮಟ್ಟವಾಗಿ ಕೂತಿದ್ಯಾ ಅಂತ."

ಇಬ್ಬರೂ ಒಂದು ಕ್ಷಣ ದುರುಗುಟ್ಟಿಕೊಂಡು ನಿಂತರು. ಮೊದಲು ಯಾರು ನಕ್ಕರೆಂಬುದರ ಬಗ್ಗೆ ಆ ಮನೆಯಲ್ಲಿ ಈಗಲೂ ಒಮ್ಮತವಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳಿಯ ಗೋಡೆ ಹಿಡಿದುಕೊಂಡು ನೆಲಕ್ಕೆ ಕುಸಿದ. ಆಸ್ಪತ್ರೆಯಿಂದ ಆಗಷ್ಟೇ ಬಂದ ಹೆಂಡತಿ ಚೀಲವನ್ನು ಕೆಳಗಿಟ್ಟು, ಅಂತೂ ಇಬ್ಬರಿಗೂ ತಿಳಿಯಿತಾ ಎಂದು ಕೇಳಿದಳು. ಹೆಡ್‌ಮಾಸ್ಟರ್ ಸತ್ತಿತೆಂದುಕೊಂಡ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ತೊಟ್ಟಿಯತ್ತ ಬಗ್ಗಿದವಳಿಗೆ, ನೀರಲ್ಲಿರುವುದು ಟೊಳ್ಳು ಚಿಪ್ಪೆಂದು ಒಂದೇ ನೋಟಕ್ಕೆ ಗೊತ್ತಾಗಿತ್ತಂತೆ.

"ಮತ್ತೆ ಯಾಕೆ ಹೇಳ್ಲಿಲ್ಲ?" ಇಬ್ಬರೂ ಒಟ್ಟಿಗೇ ಕೇಳಿದರು.

"ಇಷ್ಟು ವರ್ಷದಲ್ಲಿ ನೀವಿಬ್ರೂ ಜಗಳ ಆಡ್ದೇ ಇದ್ದಿದ್ದು ಆಗ್ಲೇ," ಎಂದಳು ಅವಳು. "ನಾನ್ಯಾಕೆ ಹಾಳು ಮಾಡ್ಲಿ?"

ಸ್ವಲ್ಪ ದಿನಕ್ಕೆ ಹೊಸ ಏಡಿ ಹೊಟ್ಟೆಯಡಿ ಸಾಸಿವೆಯಂಥ ಮೊಟ್ಟೆಗಳನ್ನು ಹೊತ್ತು ತಿರುಗತೊಡಗಿತು. ಈಗ ದೊಡ್ಡ ತೊಟ್ಟಿ ಬೇಕು. ಅದರಲ್ಲಿ ನೆಲ ಎಷ್ಟು, ನೀರು ಎಷ್ಟು ಎಂಬುದರ ಮೇಲೆ ಹಜಾರದಲ್ಲಿ ದಿನವೂ ವಾಗ್ವಾದ ನಡೆಯುತ್ತಿದೆ. ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡು ಓದುತ್ತಾಳೆ.